ಜಪಾನಿ ಕಾಗದಕ್ಕೆ ಬೆಳ್ಳಿ ಬಳಿದವರು

ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲಿ ಚೌಕಾಸಿಯನ್ನೇ ಮಾಡದೆ ನನ್ನನ್ನು ಸೋಲಿಸಿದವರು ಒಬ್ಬರೇ. ಕಳೆದ ತಿಂಗಳು ತಿರುವನಂತಪುರದಿಂದ ಅವರ ಮಗಳ ಫೋನು ಬಂತು. "ಅಚ್ಛನ್ ಪೋಯಿ, ಅಂಕಲ್" ಎಂದಳು. ಅಪ್ಪ ಹೋದರು. ಎದೆನೋವು ಬಂದು ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿತ್ತಂತೆ. ಅವಳು ಅಳಲಿಲ್ಲ. ನಾನು ಆಗ ಹೇಳಬೇಕಾದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಎರ್ನಾಕುಲಂನಲ್ಲಿ ಫೋಟೋ ಸಾಮಾನಿನ ವ್ಯಾಪಾರಿ. ಕಾಸರಗೋಡಿನಿಂದ ಹದಿನೇಳನೆಯ ವಯಸ್ಸಿಗೆ ಬಂದು, ಸೈಕಲ್ಲಿನ ಮೇಲೆ ಸ್ಟುಡಿಯೋ ಸ್ಟುಡಿಯೋಗೆ ಫಿಲ್ಮು ಹಂಚಿ, ಕೊನೆಗೆ ಸ್ವಂತ ಅಂಗಡಿ ಇಟ್ಟವನು. ನನಗೆ ಯಾರೂ ಏನೂ ಕಲಿಸಲಿಲ್ಲ. ಹಾಗಾಗಿ ಎಲ್ಲರಿಗೂ ಕಲಿಸುವ ಚಾಳಿ ನನ್ನದು. ವ್ಯಾಪಾರಕ್ಕಿಳಿಯುವವರು ಯಾರೇ ಕೇಳಿದರೂ ಮೊದಲು ಹೇಳುತ್ತಿದ್ದುದು ಇಷ್ಟು: ಬೇಕಾದ ಸಾಮಾನನ್ನು ಬೇಕಾದವನ ಹಾಗೆ ನೋಡಬೇಡಿ. ಕೈಗೆತ್ತಿಕೊಂಡರೂ ಕಣ್ಣು ಬೇರೆ ಕಡೆ ಇರಲಿ. ಯಾತಕ್ಕೆ ಬೇಕು ಎಂದಂತೂ ಬಾಯಿ ಬಿಡಬೇಡಿ. ಈ ಒಂದು ಪಾಠದಿಂದ ನಾನು ಮನೆ ಕಟ್ಟಿದ್ದೇನೆ. ಇದೇ ಪಾಠದಿಂದ ಒಂದು ಮನೆಗೆ ಏನು ಮಾಡಿದೆ ಎಂಬುದೂ ಮುಂದೆ ಬರುತ್ತದೆ.

ಅವರು ಮೊದಲು ಬಂದದ್ದು ಹೊಸ ಶತಮಾನ ಶುರುವಾಗಿ ವರ್ಷವೋ ಎರಡೋ ಆಗಿದ್ದಾಗ. ಬೆಳಗಿನ ರೈಲಿಗೆ ಬಂದಿದ್ದರು. ತೆಳ್ಳಗಿನ ಆಳು, ಕಂಕುಳಲ್ಲಿ ಕೊಡೆ, ಹೆಗಲಿಗೆ ಬಟ್ಟೆಯ ಚೀಲ, ಬೆರಳುಗಳ ತುದಿ ಕಂದುಗಟ್ಟಿ ಹೋಗಿತ್ತು. ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಉಪ್ಪು ಕೈಗೆ ತಾಗಿದವರಿಗೆ ಮಾತ್ರ ಆ ಬಣ್ಣ ಬರುತ್ತದೆ. ಮಲಯಾಳದಲ್ಲಿ ಅದನ್ನೇ ಕೇಳಿದರು, ಜೊತೆಗೆ ಬ್ರೋಮೈಡು ಮತ್ತು ಒಳ್ಳೆಯ ಜಿಲೆಟಿನ್ನು. ನಾನು ಬಾಟಲಿಗಳನ್ನು ಇಡುತ್ತಿದ್ದಂತೆ ಬಾಯೊಳಗೇ "ಒಂದ, ಎರಡ, ಮೂರ" ಎಂದು ಎಣಿಸಿಕೊಂಡರು. ಎಷ್ಟು ವರ್ಷ ಎಲ್ಲಿದ್ದರೂ ಎಣಿಕೆ ಮಾತ್ರ ಹುಟ್ಟಿದ ಭಾಷೆಯಲ್ಲೇ ಬರುವುದು. "ಯಾವ ಊರು ಸಾರ್?" ಎಂದೆ. ಕನ್ನಡಕದ ಮೇಲಿಂದ ನೋಡಿ ಧಾರವಾಡದ ಕಡೆ ಎಂದರು.

ನಾನು ಬೆಲೆ ಹೇಳಿದೆ. ಅವರು ತಲೆಯಾಡಿಸಿ ಕೊಟ್ಟರು. ಇಳಿಸಲು ಕೇಳುತ್ತಾರೆಂದು ಏರಿಸಿ ಹೇಳಿದ್ದ ಬೆಲೆ ಅದು. ಇಡೀ ದಿನ ನನಗೆ ಊಟ ರುಚಿಸಲಿಲ್ಲ. ಮುಂದಿನ ಸಲ ನಾನೇ ಇಳಿಸಿ ಹೇಳಿದೆ, ಆಗಲೂ ತಲೆಯಾಡಿಸಿದರು. ಮೂರನೆಯ ಸಲ ಇನ್ನೂ ಇಳಿಸಿದೆ. ಆಮೇಲೆ ಇಳಿಸಲು ಏನೂ ಉಳಿಯಲಿಲ್ಲ. ನಾವು ಪರಿಚಯಸ್ಥರಾದದ್ದು ಹೀಗೆ.

ಅವರು ತಿರುವನಂತಪುರದ ಒಂದು ಕೇಂದ್ರ ಸರಕಾರಿ ಸಂಸ್ಥೆಯ ಫೋಟೋ ವಿಭಾಗದಲ್ಲಿದ್ದರು. ಯಂತ್ರಗಳ, ಬಿರುಕುಗಳ, ಬೆಸುಗೆಗಳ ಚಿತ್ರ ತೆಗೆಯುವುದು ಕೆಲಸ. ಹಳೆಯ ಮರದ ಕ್ಯಾಮೆರಾ ಒಂದನ್ನು ಎಲ್ಲಿಂದಲೋ ಕೊಂಡು ಮನೆಯಲ್ಲಿಟ್ಟುಕೊಂಡಿದ್ದರು. ಶಾಲೆಯ ಸ್ಲೇಟಿನಷ್ಟು ದೊಡ್ಡ ಫಿಲ್ಮು ಅದಕ್ಕೆ ಬೇಕು. ಆ ಅಳತೆಯ ಫಿಲ್ಮು ಬರುವುದೇ ನಿಂತಿತ್ತು. ನಾನು ತರಿಸಿ ಕೊಡುತ್ತೇನೆ, ಸ್ವಲ್ಪ ದುಬಾರಿ ಆದೀತು ಎಂದೆ. ಅವರು ಚೀಲದಿಂದ ಎರಡು ರಟ್ಟುಗಳ ನಡುವೆ ಇದ್ದ ಹಾಳೆಯೊಂದನ್ನು ತೆಗೆದು ಗಾಜಿನ ಮೇಲೆ ಇಟ್ಟರು. ಈರುಳ್ಳಿಯ ಸಿಪ್ಪೆಯ ಹಾಗಿರುವ ಕಾಗದ. ಅದರಲ್ಲಿ ಒಂದು ಆಲದ ಮರ: ಆಕಾಶ ಕಪ್ಪು, ಎಲೆಗಳು ಬೆಳ್ಳಗೆ. ಇದೇ ನನ್ನ ಫಿಲ್ಮು ಎಂದರು. ಇದು ಕಾಗದವಲ್ಲವೇ ಸಾರ್ ಎಂದೆ.

"ಫಿಲ್ಮಂದ್ರ ಪ್ಲಾಸ್ಟಿಕ್ ಅಂತ ಯಾರ್ ಹೇಳ್ಯಾರ್ರೀ? ಬೆಳಕು ಹಿಡಿಯೂದು ಬೆಳ್ಳಿ. ಬೆಳ್ಳಿಗಿ ಕುಂಡ್ರಾಕ ಒಂದ್ ಜಾಗಾ ಬೇಕು, ಅಷ್ಟ."

ಆ ಜಾಗವನ್ನು ತೋರಿಸಿಕೊಟ್ಟವರು ಅವರ ಹೆಂಡತಿ. ಆಕೆ ಹಳೆಯ ದಾಖಲೆಗಳನ್ನು ಇಡುವ ಕಚೇರಿಯೊಂದರಲ್ಲಿ ಹರಿದ ಕಾಗದಗಳನ್ನು ಜೋಡಿಸುವ ಕೆಲಸದಲ್ಲಿದ್ದರು. ಹುಳ ತಿಂದ, ಮಡಿಕೆಯಲ್ಲಿ ಸೀಳಿದ ಹಾಳೆಗಳ ಬೆನ್ನಿಗೆ ಜಪಾನಿನ ಕೈಕಾಗದವನ್ನು ಗಂಜಿಯಲ್ಲಿ ಅಂಟಿಸುವುದು. ಆ ಕಾಗದವನ್ನು ಒಂದು ಗಿಡದ ತೊಗಟೆಯ ನಾರಿನಿಂದ ಮಾಡುತ್ತಾರೆ. ನಾರು ಉದ್ದ, ನೀರಲ್ಲಿ ಗಂಟೆಗಟ್ಟಲೆ ನೆನೆದರೂ ಬಿಡುವುದಿಲ್ಲ. ಫಿಲ್ಮನ್ನೂ ಗಂಟೆಗಟ್ಟಲೆ ನೀರಲ್ಲಿ ತೊಳೆಯಬೇಕಲ್ಲವೇ ಎಂದು ಆಕೆ ಒಂದು ದಿನ ಅಕ್ಕಿ ಆರಿಸುತ್ತ ಕೇಳಿದರಂತೆ. ಆ ಕೆಲಸ ಕಲಿಸಲು ಬಂದಿದ್ದ ಜಪಾನಿನ ತಜ್ಞೆಯೊಬ್ಬರು ಹೊರಡುವಾಗ ಆಕೆಗೆ ಪ್ರೀತಿಯಿಂದ ಒಂದು ಕಟ್ಟು ಹಾಳೆ ಕೊಟ್ಟು ಹೋಗಿದ್ದರು. ಆಕೆ ಅದನ್ನು ಗಂಡನ ಕೈಗಿಟ್ಟರು. ಕಚೇರಿಯ ಬೀರುವಿನಲ್ಲಿ ಅಂಥ ಕಾಗದ ರಾಶಿ ಇತ್ತು, ಬೀಗದ ಕೈ ಆಕೆಯ ಬಳಿಯೇ ಇತ್ತು. ಆದರೂ ಅಲ್ಲಿಂದ ಒಂದು ಹಾಳೆ ಮನೆಗೆ ಬಂದದ್ದಿಲ್ಲ. ಒಂದು ಹಾಳೆ ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಒಮ್ಮೆ ತಮಾಷೆಗೆ ಕೇಳಿದ್ದೆ. ಗಂಡ ಹೆಂಡತಿ ಇಬ್ಬರೂ ನನ್ನ ಮುಖ ನೋಡಿದ ರೀತಿಗೆ ಮತ್ತೆ ಕೇಳಲಿಲ್ಲ.

ತಿರುವನಂತಪುರದ ರೈಲು ಸ್ಟೇಶನ್ನಿರುವ ತಂಪಾನೂರಿನಿಂದ ಹತ್ತು ನಿಮಿಷ ನಡೆದರೆ ಅವರ ಬಾಡಿಗೆ ಮನೆ. ತಿರುವನಂತಪುರಕ್ಕೆ ವಸೂಲಿಗೆ ಹೋದಾಗಲೆಲ್ಲ ನಾನು ಅಲ್ಲಿಗೆ ಹೋಗುತ್ತಿದ್ದೆ. ಹಿಂದಿನ ಕೋಣೆಯ ಕಿಟಕಿಗೆ ಕರಿ ಬಟ್ಟೆ ಹೊಡೆದು ಕೆಂಪು ದೀಪ ಹಾಕಿಕೊಂಡಿದ್ದರು. ಜಿಲೆಟಿನ್ನನ್ನು ಅಂಬಲಿಯ ಹದಕ್ಕೆ ಕಾಯಿಸಿ, ಬೆಳ್ಳಿ ಬೆರೆಸಿ, ಅಗಲವಾದ ಕುಂಚದಲ್ಲಿ ಕಾಗದಕ್ಕೆ ಬಳಿಯುವುದು. ಒಣಗಿದ ಮೇಲೆ ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆದು, ತೊಳೆದು, ಹಿಂಬದಿಗೆ ಮೇಣ ಉಜ್ಜುವುದು; ಆಗ ಕಾಗದ ಗಾಜಿನ ಹಾಗೆ ಬೆಳಕು ಬಿಡುತ್ತದೆ. ಹೇಳಲು ಸುಲಭ. ಕೇರಳದಲ್ಲಿ ಜಿಲೆಟಿನ್ ಎಂದರೆ ಇರುವೆಗೆ ಪಾಯಸ. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು. ನಲ್ಲಿಯ ನೀರು ಉಗುರುಬೆಚ್ಚಗೆ ಬರುವ ಊರಲ್ಲಿ ಬಳಿದದ್ದು ಕರಗಿ ಹೋಗದಂತೆ ಐಸು ಬೇಕು. ಈರುಳ್ಳಿಯನ್ನೂ ಸೋಮವಾರ ಮುಟ್ಟದ ಈ ಮನುಷ್ಯ ಚೀಲ ಹಿಡಿದು ಮೀನಿನ ಮಾರುಕಟ್ಟೆಯಲ್ಲಿ ಐಸಿಗೆ ನಿಲ್ಲುತ್ತಿದ್ದರು. ಮೀನು ಮಾರುವ ಚೇಚಿಯೊಬ್ಬಳು, ಮೀನು ಯಾವತ್ತು ಕೊಳ್ಳುತ್ತೀರಿ ಸ್ವಾಮಿ, ಐಸು ಹುರಿದು ತಿಂದು ಎಷ್ಟು ದಿನ ಬದುಕುತ್ತೀರಿ ಎಂದು ದಿನಾ ಛೇಡಿಸುವಳಂತೆ. ಇವರು ನಾಚಿಕೊಂಡು ನಗುತ್ತ ಅದನ್ನು ಹೇಳುವರು.

ನನಗೂ ಒಂದು ಪಾಠ ಹೇಳಿಕೊಟ್ಟಿದ್ದರು. ಕಾಗದದ ಅಂಚಿನಲ್ಲಿ ಒದ್ದೆ ಕಡ್ಡಿಯಿಂದ ಒಂದು ಗೆರೆ ಎಳೆದು, ಮೆಲ್ಲಗೆ ಎರಡು ಕಡೆಗೆ ಎಳೆಯಬೇಕು. ಕೈಕಾಗದವಾದರೆ ಬೆಕ್ಕಿನ ಮೀಸೆಯ ಹಾಗೆ ಉದ್ದುದ್ದ ನಾರು ಹೊರಗೆ ಬರುತ್ತದೆ. ಮೆಷಿನ್ನಿನದಾದರೆ ನ್ಯೂಸ್ ಪೇಪರಿನ ಹಾಗೆ ಕತ್ತರಿಸಿ ಹೋಗುತ್ತದೆ; ಅದು ನೀರಿಗೆ ನಿಲ್ಲುವುದಿಲ್ಲ. ನಾನು ಮಾಡಿ ನೋಡಿದ್ದೆ. ಮರೆಯುವಂಥದ್ದಲ್ಲ.

ಅವರ ಫಿಲ್ಮು ನಿಧಾನದ್ದು. ಒಳ್ಳೆಯ ಬಿಸಿಲಿದ್ದರೂ ಒಂದು ನಿಮಿಷ ಬೇಕು. ಆದ್ದರಿಂದ ಮರ, ಬಾವಿ, ಕೊಳದ ಮೆಟ್ಟಿಲು, ಪಾಚಿ ಹಿಡಿದ ಗೋಡೆ. ಮನುಷ್ಯರೇ ಇಲ್ಲ. ನಾ ಕೂಡುತ್ತೇನೆ, ಒಂದು ನಿಮಿಷ ಅಲುಗಾಡದೆ ಇರುವುದು ನನ್ನ ದಿನದ ಕೆಲಸ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮೊದಲು ಫಿಲ್ಮು ಸರಿಯಾಗಲಿ, ನಿನ್ನ ಮುಖದ ಮೇಲೆ ಪ್ರಯೋಗ ಮಾಡುವುದಿಲ್ಲ ಎನ್ನುವರು. ಒಂದರಲ್ಲಿ ಗುಳ್ಳೆ, ಒಂದರಲ್ಲಿ ಕುಂಚದ ಗೀರು, ಒಂದರಲ್ಲಿ ಇರುವೆಯ ಹೆಜ್ಜೆ. ಪ್ರತಿಯೊಂದರಲ್ಲೂ ಅವರಿಗೊಂದು ದೋಷ ಕಾಣುವುದು. ಇವನ್ನು ಚೌಕಟ್ಟು ಹಾಕಿಸಿ ಫೋರ್ಟ್ ಕೊಚ್ಚಿಯ ಹೋಟೆಲುಗಳಿಗೆ ಕೊಡಿಸುತ್ತೇನೆ ಎಂದು ನಾನು ದುಂಬಾಲು ಬಿದ್ದರೆ, ಇನ್ನೂ ಆಗಿಲ್ಲರೀ ಎನ್ನುವರು. ಎಂಟು ವರ್ಷ ಹೀಗೇ ಆಗುತ್ತ ಬಂತು.

ಒಂದು ದಿನ ನಡುಮಧ್ಯಾಹ್ನ ಚೀಲವಿಲ್ಲದೆ ಅಂಗಡಿಗೆ ಬಂದರು. ಸ್ಟೂಲು ಕೊಟ್ಟರೂ ಕೂರಲಿಲ್ಲ. ಹೆಂಡತಿಯ ಕೆಳದವಡೆಯಲ್ಲಿ ಗಡ್ಡೆ. ಆಸ್ಪತ್ರೆಯವರು ಹನ್ನೆರಡು ದಿನ ಬಿಟ್ಟು ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ದವಡೆಯ ಅರ್ಧ ತೆಗೆಯುತ್ತಾರೆ. ಜೀವಕ್ಕೆ ಪರವಾಗಿಲ್ಲ ಎಂದಿದ್ದಾರೆ, ಮುಖ ಮಾತ್ರ ಮೊದಲಿನಂತೆ ಇರುವುದಿಲ್ಲ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಗಾಜಿನ ಮೇಲೆ ಕೈಯಿಟ್ಟರು.

"ಅದಕ್ಕಿಂತ ಮದ್ಲ ಕೂಡ್ತೀನಿ ಅಂತಾಳ. ನಿಮ್ಮ ಕಾಗದದ ಮ್ಯಾಲೇ ತಗೀರಿ ಅಂತಾಳ. ಮನ್ಯಾಗ ಹಾಳಿ ಮುಗದಾವು. ನಾಕು ಹಾಳಿ ಎಲ್ಲೆರ ಸಿಗತಾವೇನ್ರೀ?"

ಅವರು ನನ್ನನ್ನು ಏನಾದರೂ ಕೇಳಿದ್ದು ಅದೊಂದೇ ಸಲ. ಮಗಳು ಡಿಜಿಟಲ್ ಕ್ಯಾಮೆರಾದಲ್ಲಿ ಅಮ್ಮನ ಚಿತ್ರಗಳನ್ನು ತೆಗೆದಿದ್ದಳು, ನಾನು ಬೇಕಾದಷ್ಟು ಫಿಲ್ಮು ಕೊಡಬಲ್ಲವನಾಗಿದ್ದೆ. ಆದರೆ ಆಕೆ ಕೇಳಿದ್ದು ಅದನ್ನಲ್ಲ. ಎಂಟು ವರ್ಷ ಮರಗಳಿಗೆ ಸಂದದ್ದು ಒಮ್ಮೆ ತನಗೂ ಸಲ್ಲಲಿ ಎಂಬುದು ಆಕೆಯ ಆಸೆ. ನಾಲ್ಕಲ್ಲ, ಆರು ತರುತ್ತೇನೆ ಸಾರ್ ಎಂದೆ.

ಹೋಟೆಲುಗಳಿಗೆ ಕಾಗದದ ಲ್ಯಾಂಪ್‌ಶೇಡು ಮಾಡಿಕೊಡುವ ವ್ಯಾಪಾರಿಯೊಬ್ಬ ಮಟ್ಟಾಂಚೇರಿಯ ಹಳೆಯ ಉಗ್ರಾಣದಲ್ಲಿ ಜಪಾನಿ ಕಾಗದ ಇಟ್ಟಿದ್ದಾನೆಂದು ಪತ್ತೆ ಮಾಡಿದೆ. ಸುರುಳಿ ಬಿಚ್ಚಿ ತೋರಿಸಿದ. ಅದೇ ಬಣ್ಣ, ಅದೇ ತೆಳು, ಬೆಳಕಿಗೆ ಅದೇ ಮಬ್ಬು. ಬೆರಳಿಗೆ ಉಗುಳು ಹಚ್ಚಿ ಅಂಚಿನಲ್ಲಿ ಒಂದು ಗೆರೆ ಎಳೆದು ನೋಡಲು ಅರ್ಧ ನಿಮಿಷ ಸಾಕಿತ್ತು. ಎಳೆಯಲಿಲ್ಲ. ಎಳೆದರೆ ನಾನು ತಿಳಿದವನು, ಬೇಕಾಗಿರುವವನು ಎಂದು ಅವನಿಗೆ ಗೊತ್ತಾಗಿಬಿಡುತ್ತದೆ. ಕಾಗದದ ಕಡೆ ಕಣ್ಣೂ ಹಾಕದೆ, ಆಚೆಗಿದ್ದ ಹಿತ್ತಾಳೆಯ ದೀಪದ ಬೆಲೆ ಕೇಳುತ್ತ, ಹೋಗುವಾಗ ಸುಮ್ಮನೆ ಕೇಳಿದವನಂತೆ ಕೇಳಿ, ಅವನು ಹೇಳಿದ್ದರ ಅರ್ಧಕ್ಕೆ ಆರು ಹಾಳೆ ಕತ್ತರಿಸಿಕೊಂಡು ಬಂದೆ. ಅವನು ಮೋಸ ಮಾಡಲಿಲ್ಲ. ಯಾತಕ್ಕೆ ಎಂದು ನಾನು ಹೇಳಿದ್ದರೆ ಇದು ಲ್ಯಾಂಪ್‌ಶೇಡಿನ ಮೆಷಿನ್ ಕಾಗದ ಎಂದು ಅವನೇ ಹೇಳುತ್ತಿದ್ದನೇನೋ. ನಾನು ಹೇಳಲಿಲ್ಲ.

ಆಸ್ಪತ್ರೆಗೆ ಸೇರುವ ಮುಂಚಿನ ದಿನ, ಭಾನುವಾರ, ನಾನೇ ಕಾಗದ ಒಯ್ದೆ. ಅವರು ತಂಪಾನೂರು ಸ್ಟೇಶನ್ನಿಗೆ ಬಂದಿದ್ದರು. ಪ್ಲಾಟ್‌ಫಾರಮ್ಮಿನಲ್ಲೇ ಕಟ್ಟು ಬಿಚ್ಚಿ, ಒಂದು ಮೂಲೆಯನ್ನು ಹೆಬ್ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದರು. ಎಲ್ಲಿ ಸಿಕ್ಕಿತು ಎಂದಷ್ಟೇ ಕೇಳಿದರು. ನಾನು ಅರ್ಧಕ್ಕೆ ಹೊಡೆದುಕೊಂಡು ಬಂದ ಪ್ರತಾಪವನ್ನು ಮನೆಯವರೆಗೂ ಹೇಳಿದೆ. "ಛಲೋ ಆತು ಬಿಡ್ರಿ" ಎಂದರು.

ಅವರು ಕೋಣೆಯಲ್ಲಿ ಬಳಿದು ಒಣಗಿಸುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಆಕೆ ಹಿತ್ತಿಲ ಹಲಸಿನ ಮರದ ಅಂಚಿನ ಬೆಳಕಿನಲ್ಲಿ ಮರದ ಕುರ್ಚಿಯ ಮೇಲೆ ಕೂತರು. ಕಚೇರಿಗೆ ಉಡುವ ಹತ್ತಿಯ ಸೀರೆ. ಕೆಂಪು ಈ ಫಿಲ್ಮಿಗೆ ಕಾಣುವುದಿಲ್ಲ, ಕುಂಕುಮ ಕಪ್ಪಗೆ ಬರುತ್ತದೆ ಎಂದು ಅವರೆಂದರೆ, ಬರಲಿ, ಅದೂ ಇತ್ತು ಎಂದು ಗೊತ್ತಾದರೆ ಸಾಕು ಎಂದರು ಆಕೆ. ಇವರು ಕ್ಯಾಮೆರಾದ ಮುಚ್ಚಳ ತೆಗೆದು ಅರವತ್ತರವರೆಗೆ ಎಣಿಸಿದರು. ಆ ಒಂದು ನಿಮಿಷದಲ್ಲಿ ಆಕೆಯ ರೆಪ್ಪೆ ಕೂಡ ಅಲುಗಾಡಿದ್ದು ನನಗೆ ಕಾಣಲಿಲ್ಲ. ನಾಲ್ಕು ಹಾಳೆ, ನಾಲ್ಕು ನಿಮಿಷ.

ಅವರು ಮತ್ತೆ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡರು. ನಾನು, ಆಕೆ, ಮಗಳು ಹೊರಗೆ. ಒಳಗೆ ಬಹಳ ಹೊತ್ತು ನೀರಿನ ಸದ್ದು. ಬಾಗಿಲು ತೆರೆದಾಗ ಅವರ ಕೈಯಲ್ಲಿ ಒಂದೇ ತಟ್ಟೆ. ಮೂರು ಹಾಳೆ ತೊಳೆಯುವಾಗ ನೆನೆದ ಅವಲಕ್ಕಿಯ ಹಾಗೆ ಕದಡಿ ಹೋಗಿದ್ದವು. ನಾಲ್ಕನೆಯದನ್ನು ಬೇಗ ಎತ್ತಿದ್ದರು, ಅದೂ ಮೂರು ತುಂಡು. ಮಗಳು ಅತ್ತಳು.

ಆಕೆ ಎದ್ದು ಬಂದು, "ಕೊಡ್ರಿ ಇಲ್ಲೆ" ಎಂದು ತಟ್ಟೆ ತೆಗೆದುಕೊಂಡರು. ಊಟದ ಮೇಜಿನ ಮೇಲೆ ಗಾಜು ಹಾಸಿ, ಗೋಧಿ ಹಿಟ್ಟಿನ ಗಂಜಿ ಕಾಸಿ, ಬಿಸ್ಕೀಟಿನ ಡಬ್ಬಿಯಿಂದ ಹಳೆಯ ಹಾಳೆಗಳ ಅಂಚುಗಳನ್ನು ತೆಗೆದರು. ಗಂಡ ಕತ್ತರಿಸಿ ಬಿಟ್ಟಿದ್ದ ಆ ಪಟ್ಟಿಗಳನ್ನು ಆಕೆ ಎಸೆದಿರಲಿಲ್ಲ. ಮುಖವನ್ನು ಕವುಚಿ ಹಾಕಿ, ಮೂರು ತುಂಡುಗಳನ್ನು ಕುಂಚದ ತುದಿಯಿಂದ ತಳ್ಳಿ ತಳ್ಳಿ ಹತ್ತಿರ ತಂದು, ಬೆನ್ನಿಗೆ ಪಟ್ಟಿ ಕೂರಿಸಿದರು. ಅವರು ಪಕ್ಕದಲ್ಲಿ ಮೇಜಿನ ದೀಪ ಹಿಡಿದು ನಿಂತಿದ್ದರು. ನೆಟ್ಟಗ ಹಿಡೀರಿ ಎಂದು ಆಕೆ ಒಮ್ಮೆ ಗದರಿದರು.

ಮರುದಿನ ಆಸ್ಪತ್ರೆಗೆ ಹೊರಡುವ ಮೊದಲು ಬಿಸಿಲಿನಲ್ಲಿ ಒಂದು ಪ್ರಿಂಟು ಮಾಡಿದರು. ಹುಬ್ಬಿನಿಂದ ಕಿವಿಗೆ ಒಂದು, ತುಟಿಯ ಕೊನೆಯಿಂದ ಕುತ್ತಿಗೆಗೆ ಒಂದು, ಎರಡು ಸಣ್ಣ ಬಿಳಿ ಗೆರೆ. ಉಳಿದಂತೆ ಆಕೆ ಹೇಗಿದ್ದರೋ ಹಾಗೆ.

ಉಳಿದಿದ್ದ ಎರಡು ಹಾಳೆಯನ್ನು ಅವರು ನನಗೆ ವಾಪಸು ಕೊಟ್ಟಿದ್ದರು. ಅಂಗಡಿಗೆ ಬಂದ ದಿನವೇ ಒದ್ದೆ ಗೆರೆ ಎಳೆದು ನೋಡಿದೆ. ಪೇಪರಿನ ಹಾಗೆ ಕತ್ತರಿಸಿಕೊಂಡು ಬಂತು. ಎರಡು ತಿಂಗಳು ಹೇಳುವ ಧೈರ್ಯವಾಗಲಿಲ್ಲ. ಆಮೇಲೆ ಹೋಗಿ, ಅವರ ಮನೆಯ ಜಗಲಿಯ ಮೇಲೆ ಕೂತು, ಹಿತ್ತಾಳೆ ದೀಪದ ನಾಟಕವನ್ನೂ ಸೇರಿಸಿ ಎಲ್ಲ ಹೇಳಿದೆ.

"ನನಗ ಸ್ಟೇಶನ್‌ದಾಗ ಗೊತ್ತಾಗಿತ್ತು" ಎಂದರು.

ಮತ್ತೆ ಎಂತಕ್ಕೆ ಹೇಳಲಿಲ್ಲ ಸಾರ್ ಎಂದೆ. ಹೇಳಿದ್ದರೆ ಬೇರೆ ಕಾಗದಕ್ಕೆ ದಿನ ಎಲ್ಲಿತ್ತು ಎಂದರು.

"ನಿಮ್ಮ ಕಾಗದದ ತಪ್ಪಲ್ಲರೀ ಅದು. ಎಂಟ ವರ್ಷ ಆಕಿ ಕೂಡ್ತೀನಿ ಕೂಡ್ತೀನಿ ಅಂದ್ಲು. ಛಲೋ ಕಾಗದಾ ಮನ್ಯಾಗ ಇತ್ತು. ಆಕೀಗೆ ಕೊಟ್ಟಿದ್ದ ಕಾಗದಾ. ನಾ ಗಿಡದ ಚಿತ್ರಾ ತಗೊಂತ ಕುಂತೆ."

ನನಗೆ ಸಲಹೆ ಕೊಡುವ ಚಾಳಿ ಇದ್ದದ್ದು ನಿಜ. ಆದರೆ ಈ ಸಲ ಸಲಹೆ ಬಿಟ್ಟು, ಸೀಗಡಿ ರಫ್ತಿನ ಕಂಪೆನಿಯೊಂದಕ್ಕೆ ಮಾಲು ಪರೀಕ್ಷಿಸಲು ವರ್ಷಕ್ಕೆ ಮೂರು ಸಲ ಬರುತ್ತಿದ್ದ ಜಪಾನಿಯೊಬ್ಬನನ್ನು ಹಿಡಿದೆ. ಅವನು ಮುಂದಿನ ಸಲ ಒಂದು ಕಟ್ಟು ಕೈಕಾಗದ ತಂದ. ಅವನೆದುರೇ ನೀರು ತರಿಸಿ ಅಂಚಿನಲ್ಲಿ ಗೆರೆ ಎಳೆದೆ. ನಾರು ಉದ್ದಕ್ಕೆ ಬಂತು. ಅವನು ನಕ್ಕು, ಬೆಲೆ ಹೇಳಿದ. ಕೊಟ್ಟೆ.

ಅದನ್ನು ಒಯ್ದು ಕೊಡುವ ಹೊತ್ತಿಗೆ ಅವರ ಮನೆಯ ಗೋಡೆಯ ಮೇಲಿದ್ದ ಆ ಪ್ರಿಂಟು ಇಳಿದಿತ್ತು. ಇಳಿಸಿದವರು ಆಕೆಯೇ. ಶಸ್ತ್ರಚಿಕಿತ್ಸೆಯ ನಂತರ ಕೆನ್ನೆಯ ಒಂದು ಕಡೆ ಒಳಗೆ ಹೋಗಿ, ಮಾತು ತೊದಲಾಗಿತ್ತು. ಮನೆಯವರಿಗೆ ಮಾತ್ರ ತಿಳಿಯುವಂತಿತ್ತು. ನಾನು ಇಲ್ಲಿದ್ದೇನೆ, ಅಲ್ಲಿ ಏನು ನೋಡುತ್ತೀರಿ ಎಂದು ಗಂಡನನ್ನು ಕೇಳಿದರಂತೆ. ಅವರು ಹೊಸ ಕಾಗದ ಬಂದ ದಿನವೇ ಕ್ಯಾಮೆರಾ ಹಿತ್ತಿಲಿಗೆ ಹೊತ್ತರಂತೆ.

ಅಲ್ಲಿಂದ ಮುಂದೆ ಅವರು ದೋಷ ಹುಡುಕಿದ್ದನ್ನು ನಾನು ಕಾಣಲಿಲ್ಲ. ಬಳಿದದ್ದು ಗುಳ್ಳೆಯೆದ್ದಿದ್ದರೂ, ಮಳೆಗಾಲಕ್ಕೆ ಸರಿಯಾಗಿ ಒಣಗದಿದ್ದರೂ, ಇರುವೆ ಅಂಚು ತಿಂದಿದ್ದರೂ ಆಕೆಯನ್ನು ಕೂರಿಸುವರು. ನಿವೃತ್ತರಾದ ಮೇಲಂತೂ ಭಾನುವಾರ ತಪ್ಪುತ್ತಿರಲಿಲ್ಲ. ಅಂಗಡಿಗೆ ಬಂದರೆ ಮೊದಲಿನಂತೆ ಬಾಟಲಿ ಎಣಿಸಿಕೊಂಡು, ದುಡ್ಡು ಕೊಟ್ಟು, ಕೊಡೆ ಹಿಡಿದು ಹೋಗುವರು. ಆ ಭಾನುವಾರಗಳ ಒಂದು ಚಿತ್ರವನ್ನೂ ನನಗೆ ತೋರಿಸಲಿಲ್ಲ. ನಾನು ಕೇಳಲೂ ಇಲ್ಲ.

ಫೋನು ಬಂದ ವಾರ ಹೋದೆ. ಮಗಳು ಊರಂಚಿನ ಕಳಕ್ಕೂಟಂನ ಕೆಲಸಕ್ಕೆ ರಜೆ ಹಾಕಿ ಅಮ್ಮನ ಜೊತೆಗಿದ್ದಳು. ಅಮ್ಮ ಕನ್ನಡದಲ್ಲಿ ಹೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುತ್ತ, ನನಗೆ ಅಮ್ಮನ ಮಾತು ಬಿಡಿಸಿ ಹೇಳುತ್ತಿದ್ದಳು. ಕೇಳದೆಯೇ ಆಕೆ ಒಂದು ಕಬ್ಬಿಣದ ಪೆಟ್ಟಿಗೆ ಎಳೆದು ತಂದು ನನ್ನ ಮುಂದಿಟ್ಟರು. ಅದರೊಳಗೆ ಮೇಣ ಉಜ್ಜಿದ ಕಾಗದದ ನೆಗೆಟಿವುಗಳು, ಒಂದರ ಮೇಲೊಂದು. ಒಂದೊಂದನ್ನೇ ಕಿಟಕಿಗೆ ಹಿಡಿದೆ. ಎಲ್ಲವೂ ಆಕೆಯೇ. ಕುಸಿದ ಕೆನ್ನೆ, ಹೊಲಿಗೆಯ ಗುರುತು, ಸೆರಗಿನ ಮರೆಯಿಲ್ಲ. ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿದ್ದರೂ ಕಣ್ಣು ನೇರ ನನ್ನ ಮೇಲೆಯೇ ಇತ್ತು. ಕಾಗದದ ನಾರುಗಳು ಮುಖದ ತುಂಬ ಕಾಣುತ್ತಿದ್ದವು. ನೆಗೆಟಿವುಗಳಲ್ಲಿ ಕೆಲವಕ್ಕೆ ಗುಳ್ಳೆ, ಕೆಲವಕ್ಕೆ ಗೀರು. ಒಂದೂ ಹರಿದಿರಲಿಲ್ಲ.

ನಡುವೆ ಒಂದು ಬೇರೆ ಥರ ಇತ್ತು. ಹೆಗಲು, ಸೀರೆ, ಕುರ್ಚಿ ಎಲ್ಲ ಚೊಕ್ಕ, ಮುಖ ಮಾತ್ರ ಮಂಜಿನ ಹಾಗೆ ಕದಡಿತ್ತು. ಇದಕ್ಕೆ ಏನಾಯಿತು ಎಂದು ಕೇಳಿದೆ. ಆಕೆ ಏನೋ ಹೇಳಿದರು. ಅವತ್ತು ಎಣಿಸುತ್ತ ಎಣಿಸುತ್ತ ಅಪ್ಪ ಮಧ್ಯದಲ್ಲಿ ಒಂದು ಮಾತು ಹೇಳಿ ನಗಿಸಿಬಿಟ್ಟರಂತೆ ಎಂದು ಮಗಳು ತಿಳಿಸಿದಳು. ಯಾವ ಮಾತು ಎಂದು ಅವಳೂ ಕೇಳಿದಳು. ಆಕೆ ಹೇಳುವುದಿಲ್ಲವೆಂದು ತಲೆಯಾಡಿಸಿದರು.

ನನಗೆ ಅದೇ ಬೇಕೆನ್ನಿಸಿತು. ಬೇಕು ಎಂಬುದು ಮುಖದ ಮೇಲೆ ಕಾಣುವ ಹಾಗೆಯೇ, ಎರಡೂ ಕೈಯಲ್ಲಿ ಹಿಡಿದು, ಇದೊಂದನ್ನು ನನಗೆ ಕೊಡುತ್ತೀರಾ ಅಮ್ಮ ಎಂದು ಕೇಳಿದೆ.

ಆಕೆ ಅದನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡರು. ಒಂದೊಂದೇ ಪದ ಕೂಡಿಸಿಕೊಂಡು ಹೇಳಿದರು. ಮಗಳು ಬಿಡಿಸಿ ಹೇಳಬೇಕಾಗಲಿಲ್ಲ.

"ಇದೊಂದ… ಬಿಟ್ಟು… ಯಾವದರ ತಗೋರಿ."

ನಾನು ಚೌಕಾಸಿ ಮಾಡಲಿಲ್ಲ.